ಅಕ್ಕನ ಏಳನೇ ಕ್ಲಾಸು

ನಮ್ಮ ಮನೆಯಲ್ಲಿ ಯಾರೂ ದನಿ ಎತ್ತಿ ಮಾತಾಡುತ್ತಿರಲಿಲ್ಲ. ಊರಿನಲ್ಲಿ ಇದಕ್ಕೆ ದೊಡ್ಡ ಹೆಸರಿತ್ತು. ಗಂಡ ಹೆಂಡಿರ ಜಗಳ, ಪಾಲಿನ ಜಗಳ, ಬದುವಿನ ಜಗಳ ಎಂದು ಬೇರೆ ಮನೆಗಳಲ್ಲಿ ರಂಪವೆದ್ದಾಗ ಹಿರಿಯರು ನಮ್ಮ ಮನೆಯ ಕಡೆ ಕೈ ತೋರಿಸಿ, ಅವರನ್ನು ನೋಡಿ ಕಲಿಯಿರಿ ಎನ್ನುತ್ತಿದ್ದರಂತೆ. ಕಲಿತವರು ಎಷ್ಟು ಜನರೋ ನನಗೆ ತಿಳಿಯದು. ನಾನಂತೂ ಅಲ್ಲೇ ಹುಟ್ಟಿ ಅಲ್ಲೇ ಬೆಳೆದು ಅದರ ತದ್ವಿರುದ್ಧವಾದೆ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಯಾರಾದರೂ ನನ್ನೆದುರು ಹೇಳಿದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ. ಮನಸ್ಸಿನಲ್ಲಿದ್ದದ್ದನ್ನು ಮುಖಕ್ಕೆ ಹೇಳಿಬಿಡುವವಳು, ಬಾಯಿಗೆ ಬೀಗವಿಲ್ಲದವಳು ಎಂದು ಗಂಡನ ಕಡೆಯವರು ನನ್ನನ್ನು ಆಡಿಕೊಂಡದ್ದುಂಟು. ಆಡಿಕೊಳ್ಳಲಿ. ಅವರು ನನ್ನ ಅಕ್ಕ ಗಿರಿಜೆಯನ್ನು ಅವಳ ಹದಿಮೂರನೆಯ ವಯಸ್ಸಿನಲ್ಲಿ ನೋಡಿದವರಲ್ಲ.

ನಮ್ಮದು ಅಳಿಯಕಟ್ಟಿನ ಮನೆ. ಶಂಕರನಾರಾಯಣಕ್ಕೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಗದ್ದೆಯ ಅಂಚಿನ ಮೇಲೆ ಒಂದಷ್ಟು ದೂರ ನಡೆದರೆ ಸಿಗುತ್ತಿತ್ತು. ಅಳಿಯಕಟ್ಟು ಎಂದರೆ ಮನೆತನ ನಡೆಯುವುದು ಹೆಣ್ಣಿನ ಕಡೆಯಿಂದ. ಆದರೆ ಯಜಮಾನಿಕೆ ಅವಳ ಅಣ್ಣನದು. ನಮ್ಮ ತಾಯಿಯನ್ನು ನಾವು ಅಬ್ಬಿ ಎನ್ನುತ್ತಿದ್ದೆವು. ಆ ಮನೆಗೆ ಅಬ್ಬಿ ಒಬ್ಬಳೇ ಮಗಳಾದ್ದರಿಂದ ಮದುವೆಯಾದ ಮೇಲೂ ಅಲ್ಲೇ ಉಳಿದಳು. ಯಜಮಾನರು ಅವಳ ಅಣ್ಣ, ನಮ್ಮ ಮಾವಯ್ಯ. ಅವರ ಹೆಂಡತಿ ಮಕ್ಕಳು ಬ್ರಹ್ಮಾವರದ ಕಡೆ ತಮ್ಮ ತಾಯಿಮನೆಯಲ್ಲಿದ್ದರು. ನಮ್ಮ ಅಪ್ಪಯ್ಯ ತ್ರಾಸಿಯವರು. ಅಲ್ಲಿ ತಮ್ಮ ಅಕ್ಕತಂಗಿಯರ ಮನೆಯ ಯಜಮಾನಿಕೆ ಅವರ ತಲೆಯ ಮೇಲಿತ್ತು. ಬೇಸಾಯದ ಗಡಿಬಿಡಿ ಇಲ್ಲದಾಗ ಹೊಳೆ ದಾಟಿ, ಬಸ್ಸು ಹಿಡಿದು, ಕೈಯಲ್ಲಿ ಮೀನಿನ ಕಟ್ಟು ಹಿಡಿದುಕೊಂಡು ನಮ್ಮಲ್ಲಿಗೆ ಬರುತ್ತಿದ್ದರು. ಅವರು ಅಂಗಳಕ್ಕೆ ಕಾಲಿಟ್ಟ ಕೂಡಲೇ ಅಬ್ಬಿ ಕಾಲಿಗೆ ನೀರು, ಕುಡಿಯಲು ಬೆಲ್ಲ ನೀರು ತಂದಿಡುತ್ತಿದ್ದಳು. ಮಾವಯ್ಯ ಎದ್ದು ಬಂದು ಕೈ ಹಿಡಿದು ಚಾವಡಿಯಲ್ಲಿ ಕೂರಿಸಿ, ಎಲೆಯಡಿಕೆ ತಟ್ಟೆಯನ್ನು ಅವರ ಕಡೆ ಸರಿಸುತ್ತಿದ್ದರು. ಊಟಕ್ಕೆ ಅವರಿಗೆ ದೊಡ್ಡ ಮಣೆ. ಒಟ್ಟಿನಲ್ಲಿ ಅಪ್ಪಯ್ಯ ನಮ್ಮ ಮನೆಗೆ ಒಬ್ಬ ಒಳ್ಳೆಯ ನೆಂಟರಾಗಿದ್ದರು. ನೆಂಟರಾದವರು ಉಂಡ ಮನೆಯ ವಿಚಾರದಲ್ಲಿ ಬಾಯಿ ಹಾಕಬಾರದು ಎಂಬುದು ಅವರು ಎಂದೂ ಮೀರದ ನಿಯಮ. ನಮಗೆ ಜ್ವರ ಬಂದರೂ ಔಷಧಿ ಕೊಡಿಸಿ ಎನ್ನುತ್ತಿರಲಿಲ್ಲ. ಹಣೆ ಮುಟ್ಟಿ ನೋಡಿ, ಮಾವಯ್ಯನಿಗೆ ಕೇಳುವಂತೆ 'ಮೈ ಸ್ವಲ್ಪ ಬಿಸಿ ಇದ್ದಂಗಿತ್ತ್' ಎಂದು ಹೇಳಿ ಸುಮ್ಮನಾಗುತ್ತಿದ್ದರು. ತ್ರಾಸಿಯಲ್ಲಿ ಅವರ ಗತ್ತೇ ಬೇರೆಯಂತೆ. ಅಲ್ಲಿ ಅವರು ಕೆಮ್ಮಿದರೆ ಸೋದರಳಿಯಂದಿರು ಎದ್ದು ನಿಲ್ಲುತ್ತಿದ್ದರೆಂದು ಅಪ್ಪಯ್ಯನ ತಂಗಿ, ನಮ್ಮ ಅತ್ತೆ, ಹೇಳುವಾಗ ನಮಗೆ ನಗು ಬರುತ್ತಿತ್ತು.

ಮಾವಯ್ಯ ಗಟ್ಟಿ ಆಳು, ಆದರೆ ಮೃದು. ನಮ್ಮಿಬ್ಬರನ್ನೂ ಒಂದನೇ ಕ್ಲಾಸಿಗೆ ಸೇರಿಸಿದವರು ಅವರೇ. ಶಾಲೆಗೆ ಹೋಗುವ ದಾರಿಯ ಸಂಕ ಹಳ್ಳದ ನೀರಿಗೆ ಕೊಚ್ಚಿ ಹೋದಾಗ ಎರಡು ಅಡಿಕೆ ಮರ ಕಡಿದು ಅಡ್ಡ ಹಾಕಿಸಿ, ನಾವು ದಾಟುವುದನ್ನು ನೋಡಿಯೇ ಗದ್ದೆಗೆ ಇಳಿಯುತ್ತಿದ್ದರು. ಅಕ್ಕನೆಂದರೆ ಅವರಿಗೆ ತುಸು ಹೆಚ್ಚು. ಅವಳ ದನಿ ಚೆನ್ನಾಗಿತ್ತು. ಸಂಜೆ ಚಾವಡಿಯಲ್ಲಿ ಅವಳು ಪಾಠ ಓದುವಾಗ ಮಾವಯ್ಯ ಹಗ್ಗ ಹೊಸೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಅವಳು ಒಂದು ಪುಟ ಮಗುಚುವಾಗ ತಡವಾದರೆ, ಮುಂದೆ ಎಂತ ಆಯ್ತು ಎಂದು ಕೇಳುತ್ತಿದ್ದರು. ನಾನು ಓದುವಾಗ ಅವರು ಹಗ್ಗ ಹೊಸೆಯುವುದನ್ನು ನಿಲ್ಲಿಸಿದ್ದು ನನಗೆ ನೆನಪಿಲ್ಲ. ಅದಕ್ಕಾಗಿ ನನಗೆ ಆಗ ಹೊಟ್ಟೆಕಿಚ್ಚಾಗುತ್ತಿತ್ತು ಎಂದು ಹೇಳಿಬಿಡುತ್ತೇನೆ.

ನಮ್ಮೂರ ಶಾಲೆಯಲ್ಲಿ ಏಳನೆಯದೇ ಕೊನೆಯ ಕ್ಲಾಸು. ಉಳಿದ ಕ್ಲಾಸುಗಳ ಪರೀಕ್ಷೆಯನ್ನು ಮಾಷ್ಟ್ರುಗಳೇ ಮಾಡಿ ಮುಗಿಸುತ್ತಿದ್ದರು. ಏಳನೆಯವರು ಮಾತ್ರ ಕುಂದಾಪುರಕ್ಕೆ ಹೋಗಿ ಬೇರೆ ಊರಿನ ಮಕ್ಕಳ ನಡುವೆ ಕೂತು ಬರೆಯಬೇಕು. ಬೆಳಿಗ್ಗೆ ಹೊರಟು ಹೊತ್ತಿಗೆ ಸರಿಯಾಗಿ ಮುಟ್ಟಿಸುವ ಬಸ್ಸಿಲ್ಲದ ಕಾಲ. ಪರೀಕ್ಷೆ ಮುಗಿಯುವವರೆಗೆ ಪೇಟೆಯಲ್ಲಿ ಪರಿಚಯದವರ ಮನೆಯಲ್ಲಿ ಉಳಿಯಬೇಕು. ಆರನೆಯದು ಮುಗಿಯುತ್ತಿದ್ದ ಹಾಗೆ ನಮ್ಮ ಹೆಡ್‌ಮಾಷ್ಟ್ರು ಮಕ್ಕಳನ್ನು ಬೇರೆಯೇ ರೀತಿಯಲ್ಲಿ ಹದ ಮಾಡಲು ಶುರುಮಾಡುತ್ತಿದ್ದರು. ಪೆನ್ಸಿಲ್ ಬಿಡಿಸಿ ಮಸಿಯಲ್ಲಿ ಬರೆಸುತ್ತಿದ್ದರು. ಪಕ್ಕದವರ ಹಾಳೆಯ ಕಡೆ ಕಣ್ಣು ಹೋಗದಂತೆ ದೂರ ದೂರ ಕೂರಿಸುತ್ತಿದ್ದರು. ಕಂಡವರ ಮನೆಯಲ್ಲಿ ಹೇಗೆ ಉಣ್ಣಬೇಕು, ಎಲ್ಲಿ ಕೈ ತೊಳೆಯಬೇಕು, ಹೊಟ್ಟೆ ತುಂಬದಿದ್ದರೆ ನಾಚದೆ ಹೇಗೆ ಕೇಳಬೇಕು ಎನ್ನುವುದನ್ನೂ ಹೇಳಿಕೊಡುತ್ತಿದ್ದರು. ಅಕ್ಕ ಮನೆಗೆ ಬಂದು ಅದನ್ನೆಲ್ಲ ನನ್ನ ಮೇಲೆ ಪ್ರಯೋಗಿಸುತ್ತಿದ್ದಳು. ನಾನು ಪೇಟೆಯ ಮನೆಯ ಯಜಮಾನಿಯಾಗಬೇಕು, ಅವಳು ಪರೀಕ್ಷೆಗೆ ಬಂದ ಹುಡುಗಿ. ಹಿತ್ತಲಿನ ಕಲ್ಲಿನ ಮೇಲೆ ಕೂತು ನಾನು ಬರಿಗೈಯಲ್ಲಿ ಗಂಜಿ ಬಡಿಸುತ್ತಿದ್ದೆ. ಅವಳು ತಲೆ ತಗ್ಗಿಸಿ, ಸಾಕು ಅಮ್ಮ ಎನ್ನುತ್ತಿದ್ದಳು. ಹೊಟ್ಟೆ ತುಂಬದಿದ್ದರೆ ಕೇಳಬೇಕಂತಲ್ಲ ಎಂದು ನಾನು ನೆನಪಿಸಿದರೆ, ಅದನ್ನು ಮಾತ್ರ ತನ್ನಿಂದ ಆಗುವುದಿಲ್ಲ ಎಂದು ನಗುತ್ತಿದ್ದಳು.

ಮಕ್ಕಳನ್ನು ಹದ ಮಾಡಿದರೆ ಸಾಲದು ಎಂಬುದು ಹೆಡ್‌ಮಾಷ್ಟ್ರಿಗೆ ಗೊತ್ತಿತ್ತು. ಏಳನೆಯ ಕ್ಲಾಸಿನ ಮಕ್ಕಳು ಅರ್ಧಕ್ಕರ್ಧ ಮುಂಗಾರಿನ ಭತ್ತದ ನಟ್ಟಿಗೆ ಶಾಲೆ ಬಿಟ್ಟು ನಿಲ್ಲುತ್ತಿದ್ದರು, ಉಳಿದವರಲ್ಲಿ ಕೆಲವರು ಕೊಯ್ಲಿಗೆ ನಿಲ್ಲುತ್ತಿದ್ದರು, ಹೆಣ್ಣುಮಕ್ಕಳು ಕುಂದಾಪುರದಲ್ಲಿ ಉಳಿಯಬೇಕೆಂದಾಗ ನಿಂತುಬಿಡುತ್ತಿದ್ದರು. ಆದ್ದರಿಂದ ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಹಿಂದಿನ ದಿನ ಅವರು ಏಳನೆಯವರ ಮನೆಯವರನ್ನೆಲ್ಲ ಶಾಲೆಯ ಜಗಲಿಗೆ ಕರೆಯುತ್ತಿದ್ದರು. ಅಲ್ಲಿ ಪ್ರತಿ ಮನೆಯ ಹಿರಿಯರೂ ಎದ್ದು ನಿಂತು, ನಮ್ಮ ಮಗುವನ್ನು ನಟ್ಟಿಗೆ ನಿಲ್ಲಿಸುವುದಿಲ್ಲ, ಸಂಜೆ ಓದಲು ದೀಪ ಕೊಡುತ್ತೇವೆ, ಪರೀಕ್ಷೆಗೆ ಕುಂದಾಪುರಕ್ಕೆ ಕಳಿಸುತ್ತೇವೆ ಎಂದು ನಾಲ್ಕು ಜನರ ಎದುರು ಮಾತು ಕೊಡಬೇಕು. ಬರೆದು ಸಹಿ ಹಾಕಿಸಿದರೆ ಮುರಿಯುವವರು ನಾಲ್ಕು ಜನರ ಎದುರು ಆಡಿದ ಮಾತನ್ನು ಮುರಿಯುವುದಿಲ್ಲ ಎಂದು ಅವರು ಬಲ್ಲರು. ಅವರು ಆ ದಿನ ಯಾವಾಗಲೂ ಹೇಳುತ್ತಿದ್ದ ಮಾತೊಂದಿತ್ತು.

"ಏಳ್ನೇ ಕ್ಲಾಸಿಗೆ ಕೂಕಂಬುದ್ ಬರೀ ಮಕ್ಕಳ್ ಅಲ್ಲ, ಇಡೀ ಮನಿ. ಮನಿ ತಯಾರಾಗ್ದೆ ಮಕ್ಕಳ್ ತಯಾರಾತಿಲ್ಲೆ."

ಅಕ್ಕನ ಆರನೆಯದು ಮುಗಿದ ಬೇಸಿಗೆಯಲ್ಲಿ ನಮ್ಮ ಮನೆ ತಯಾರಾಗಿಯೇ ಇತ್ತು. ಇದನ್ನು ನಾನು ಅಂದಾಜಿನಿಂದ ಹೇಳುತ್ತಿಲ್ಲ. ಮಾವಯ್ಯ ಮಾಳಿಗೆಯ ಕಿಟಕಿಯ ಬಳಿ ರಾಶಿ ಹಾಕಿದ್ದ ತೆಂಗಿನಕಾಯಿಯನ್ನು ತೆಗೆಸಿ, ಅಲ್ಲಿ ಗುಡಿಸಿ ಸಾರಿಸಿ, ತಾವೇ ಒಂದು ಹಲಗೆ ಹೊಡೆದು ಕೂತು ಬರೆಯುವ ಜಾಗ ಮಾಡಿದ್ದರು. ಅಬ್ಬಿಯ ಹತ್ತಿರ, ಈ ವರ್ಷ ನಟ್ಟಿಗೆ ಭತ್ತದ ಅಗೆ ಕೀಳಲು ಹೆಣ್ಣನ್ನು ಕರೆಯುವುದು ಬೇಡ, ಅದಕ್ಕೆ ಓದಲಿಕ್ಕಿರುತ್ತದೆ ಎಂದಿದ್ದರು. ಅತ್ತ ಅಪ್ಪಯ್ಯ ತ್ರಾಸಿಯಲ್ಲಿ ತಮ್ಮ ತಂಗಿಯ ಮಗಳ ಏಳನೆಯ ಕ್ಲಾಸಿಗಾಗಿ ಅಲ್ಲಿನ ಶಾಲೆಯ ಮಾಷ್ಟ್ರ ಹತ್ತಿರ ಮಾತಾಡಿಯೂ ಆಗಿತ್ತು. ನಮ್ಮ ಗಿರಿಜೆ ಅವಳಿಗಿಂತ ಚುರುಕು, ಇವಳೂ ಕುಂದಾಪುರದಲ್ಲಿ ಪರೀಕ್ಷೆ ಬರೆಯುವುದನ್ನು ನೋಡಬೇಕು ಎಂದು ಹಿತ್ತಲಿನಲ್ಲಿ ಅಬ್ಬಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಆದರೆ ಮಾವಯ್ಯ ಹೇಳಿದ್ದು ಅಬ್ಬಿಗೆ, ಅಪ್ಪಯ್ಯ ಹೇಳಿದ್ದೂ ಅಬ್ಬಿಗೆ. ಅವರಿಬ್ಬರೂ ಚಾವಡಿಯಲ್ಲಿ ಎದುರು ಬದುರು ಕೂತಾಗ ಮಾವಿನ ಫಸಲು, ಹೋರಿಯ ಗೊರಸು, ತ್ರಾಸಿಯ ಕಡಲಿನ ಅಬ್ಬರ ಎಲ್ಲ ಮಾತಿಗೆ ಬರುತ್ತಿತ್ತು. ಅಕ್ಕನ ಹೆಸರು ಬರುತ್ತಿರಲಿಲ್ಲ.

ಯಾಕೆಂದು ದೊಡ್ಡವಳಾದ ಮೇಲೆ ಇಬ್ಬರಿಂದಲೂ ತಿಳಿದುಕೊಂಡೆ. ಕಾಯಿದೆ ಬದಲಾಗಿದೆ, ಇನ್ನು ಮಕ್ಕಳು ತಂದೆಗೆ ಸೇರಿದವರು, ಅಳಿಯಕಟ್ಟಿನ ಕಾಲ ಮುಗಿಯಿತು ಎಂಬ ಮಾತು ಆಗ ಕುಂದಾಪುರದ ಕೋರ್ಟಿನ ಕಡೆಯಿಂದ ನಮ್ಮ ಹಳ್ಳಿಯವರೆಗೂ ಬಂದಿತ್ತು. ಮಾವಯ್ಯನಿಗೆ ಅದರಿಂದ ಕೋಪ ಬರಲಿಲ್ಲ, ಸಂಕೋಚ ಬಂತು. ಸಣ್ಣ ಮಗುವನ್ನು ಒಂದನೇ ಕ್ಲಾಸಿಗೆ ಸೇರಿಸಿದ್ದು ಬೇರೆ. ಬೆಳೆದ ಹುಡುಗಿ ಪೇಟೆಯಲ್ಲಿ ಉಳಿಯುವ ಪ್ರಶ್ನೆ ಬೇರೆ. ನಾಳೆ ಮದುವೆಯ ಮಾತು ಬಂದಾಗ ಯಾರಾದರೂ ಎತ್ತಿ ಆಡಿದರೆ ಹೆತ್ತ ತಂದೆ ಏನೆಂದಾರು? ಭಾವನ ಬಾಯಿಯಿಂದ ಮೊದಲು ಬರಲಿ, ಆಮೇಲೆ ನಾನು ಹಿಂದೆ ನಿಲ್ಲುತ್ತೇನೆ ಎಂದು ಅವರು ಕಾದರು. ಅಪ್ಪಯ್ಯನ ಲೆಕ್ಕ ಇದರ ಉಲ್ಟಾ. ಕಾಯಿದೆ ಬಂತೆಂದು ತಾನೀಗ ಈ ಮನೆಯಲ್ಲಿ ಬಾಯಿ ತೆರೆದರೆ, ಇಷ್ಟು ವರ್ಷ ಮಕ್ಕಳನ್ನು ಸಾಕಿದ ಭಾವಯ್ಯನ ಯಜಮಾನಿಕೆಗೆ ಕೈ ಹಾಕಿದ ಹಾಗಾಗುತ್ತದೆ. ಅವರೇ ಹೇಳಲಿ ಎಂದು ಅಪ್ಪಯ್ಯ ಕಾದರು. ಇಬ್ಬರ ಜಗಳದಲ್ಲಿ ಮೂರನೆಯವರಿಗೆ ಲಾಭ ಎನ್ನುತ್ತಾರೆ. ಇಬ್ಬರ ಮರ್ಯಾದೆಯಲ್ಲಿ ಮೂರನೆಯವರಿಗೆ ಏನಾಗುತ್ತದೆ ಎಂದು ಯಾವ ಗಾದೆಯೂ ಹೇಳಿದ್ದನ್ನು ನಾನು ಕೇಳಿಲ್ಲ.

ಅಪ್ಪಯ್ಯ ಬಾಯಿಂದ ಹೇಳದಿದ್ದರೂ ಒಂದು ಉಪಾಯ ಮಾಡಿದರು. ಕುಂದಾಪುರದಲ್ಲಿ ಒಂದು ಮಸಿ ಪೆನ್ನು ಕೊಂಡು ತಂದು, ಅಕ್ಕನ ಕೈಗೆ ಕೊಡದೆ, ಚಾವಡಿಯ ಕಿಟಕಿಯ ದಂಡೆಯ ಮೇಲೆ ಇಟ್ಟು ಹೋದರು. ಮಗಳ ಕೈಗೆ ನೇರ ಕೊಟ್ಟರೆ ತಾನೇ ತೀರ್ಮಾನ ಮಾಡಿದ ಹಾಗಾಗುತ್ತದೆ. ಅಲ್ಲಿಟ್ಟರೆ ಭಾವಯ್ಯ ನೋಡುತ್ತಾರೆ, ನೋಡಿ ಹೆಣ್ಣಿಗೆ ಕೊಡುತ್ತಾರೆ, ಅದೇ ಒಪ್ಪಿಗೆ ಎಂದು ಅವರ ಯೋಚನೆ. ಅಕ್ಕ ಆ ಪೆನ್ನನ್ನು ನೋಡಿದಳು. ದಿನಕ್ಕೆ ಹತ್ತು ಸಲ ಚಾವಡಿ ಗುಡಿಸುವ ನೆಪದಲ್ಲಿ ನೋಡಿದಳು; ಮುಟ್ಟಲಿಲ್ಲ. ಮಾವಯ್ಯ ನೋಡಿದವರು, ಭಾವ ಮರೆತು ಹೋಗಿದ್ದಾರೆ, ಮಕ್ಕಳ ಕೈಗೆ ಸಿಕ್ಕಿ ಹಾಳಾಗಬಾರದು ಎಂದು ತಮ್ಮ ಮರದ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟರು. ಮುಂದಿನ ಸಲ ಅಪ್ಪಯ್ಯ ಬಂದು ಬೆಲ್ಲ ನೀರು ಕುಡಿದು ಕೂತದ್ದೇ, ಪೆಟ್ಟಿಗೆ ತೆರೆದು ತಂದು ಎರಡೂ ಕೈಯಲ್ಲಿ ಕೊಟ್ಟರು.

"ಭಾವ, ನೀವ್ ಹ್ವಾದ್ಸಲ ಪೆನ್ ಮರ್ತ್ ಹೋಯಿದ್ರಿ. ಕಾಣಿ, ಜಾಗ್ರತಿ ಇಟ್ಟಿದೆ."

ಅಪ್ಪಯ್ಯ ಒಂದು ಗಳಿಗೆ ಅದನ್ನೇ ನೋಡಿದರು. ಆಮೇಲೆ, ಹೌದು ಮರೆತೇ ಹೋಗಿತ್ತು ಎಂದು ಹೇಳಿ ಅಂಗಿಯ ಕಿಸೆಗೆ ಸಿಕ್ಕಿಸಿಕೊಂಡರು. ಬಾಗಿಲಿನ ಹಿಂದೆ ನಿಂತಿದ್ದ ಅಕ್ಕ ಒಳಗೆ ಹೋದಳು. ಕೊಟ್ಟದ್ದನ್ನು ಹಿಂದಿರುಗಿಸಿದರು ಎಂದರೆ ಭಾವಯ್ಯನಿಗೆ ಮನಸ್ಸಿಲ್ಲ, ನೇರ ಹೇಳಲು ಸಂಕೋಚ ಎಂದು ಅಪ್ಪಯ್ಯ ಅರ್ಥ ಮಾಡಿಕೊಂಡರು. ಶಾಲೆಯ ಸಭೆಗೆ ಇನ್ನೊಂದು ದಿನ ಇರುವಾಗ, ತಾನು ಇಲ್ಲಿದ್ದರೆ ಅವರಿಗೆ ಇನ್ನಷ್ಟು ಕಷ್ಟ ಎಂದು ತ್ರಾಸಿಗೆ ಹೊರಟೇಬಿಟ್ಟರು. ಅವರು ಹೊರಟದ್ದನ್ನು ನೋಡಿ, ಸಭೆಯ ಮುನ್ನಾದಿನ ಹೋಗುತ್ತಾರೆಂದರೆ ಭಾವನಿಗೆ ಮನಸ್ಸಿಲ್ಲ ಎಂದು ಮಾವಯ್ಯ ಅರ್ಥ ಮಾಡಿಕೊಂಡರು. ದೊಡ್ಡವರಲ್ಲಿ ಇಬ್ಬರ ಮನಸ್ಸೂ ಗೊತ್ತಿದ್ದವಳು ಅಬ್ಬಿ ಒಬ್ಬಳೇ. ಅವಳು ಅಡುಗೆಮನೆಯ ಬಾಗಿಲಿಗೆ ಬಂದು, ಹೊರಗೆ ನೋಡಿ, ಮತ್ತೆ ಒಲೆಯ ಮುಂದೆ ಹೋಗಿ ಕೂತಳು. ಆ ದಿನ ಅವಳು ಮಾಡಿದ ಹುರುಳಿ ಸಾರಿಗೆ ಉಪ್ಪೇ ಇರಲಿಲ್ಲ, ಯಾರೂ ಅದನ್ನೂ ಹೇಳಲಿಲ್ಲ.

ಸಭೆಯ ದಿನ ಅಕ್ಕ ಎಣ್ಣೆ ಹಾಕಿ ಬಿಗಿಯಾಗಿ ಜಡೆ ಹೆಣೆದುಕೊಂಡು, ನನ್ನನ್ನೂ ಕರೆದುಕೊಂಡು ಶಾಲೆಗೆ ಹೋದಳು. ಮಾವಯ್ಯ ಹಿಂದಿನಿಂದ ಬರುತ್ತಾರೆ ಎಂದು ಅವಳು ನಂಬಿದ್ದಳು. ನಾವು ಹೊರಡುವಾಗ ಅವರು ಅಂಗಳದ ತುದಿಯಲ್ಲಿ ನೇಗಿಲು ಸರಿಮಾಡುತ್ತ ಕೂತಿದ್ದರು. ನಮ್ಮನ್ನು ನೋಡಿದರೂ ಎಲ್ಲಿಗೆಂದು ಕೇಳಲಿಲ್ಲ. ಜಗಲಿ ತುಂಬ ಜನ. ಒಬ್ಬೊಬ್ಬರೇ ಎದ್ದು ಮಾತು ಕೊಟ್ಟರು. ಕೆಲವರು ಗೊಣಗಿದರು, ಕೆಲವರು ನಕ್ಕರು. ಒಬ್ಬರಂತೂ ನಟ್ಟಿಯ ವಾರ ಮಾತ್ರ ಬಿಟ್ಟುಕೊಡಿ ಎಂದು ಚೌಕಾಸಿ ಮಾಡಿದರು. ಅಕ್ಕ ಕಂಬದ ಪಕ್ಕ ನಿಂತು ಗದ್ದೆಯ ಅಂಚನ್ನೇ ನೋಡುತ್ತಿದ್ದಳು. ಎಲ್ಲರದೂ ಮುಗಿದ ಮೇಲೆ ಹೆಡ್‌ಮಾಷ್ಟ್ರು ಅವಳನ್ನು ಹತ್ತಿರ ಕರೆದು, ನಿಮ್ಮ ಮನೆಯಿಂದ ಯಾರೂ ಬರುವುದಿಲ್ಲವೇ ಎಂದು ಮೆಲ್ಲಗೆ ಕೇಳಿದರು. ಮನೆಯವರಿಗೆ ಇವತ್ತು ಬರಲು ಆಗುವುದಿಲ್ಲವಂತೆ ಎಂದಳು ಅಕ್ಕ. ಹಾಗೆ ಹೇಳು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮನೆಯ ಮಾನ ಉಳಿಸುವುದನ್ನು ಹೇಳಿಕೊಡದೆಯೇ ಕಲಿತಿದ್ದಳು.

ನಮ್ಮ ಕಡೆ ದೊಡ್ಡ ಮನೆಯವರು ಯಾವುದಕ್ಕೂ ಬಾಯಿಬಿಟ್ಟು ಇಲ್ಲ ಎನ್ನುವುದಿಲ್ಲ. ಮದುವೆಯ ಮಾತಿರಲಿ, ದೇವಸ್ಥಾನದ ಕೆಲಸವಿರಲಿ, ಮನಸ್ಸಿಲ್ಲದಿದ್ದರೆ ಕರೆದಲ್ಲಿಗೆ ಬರುವುದಿಲ್ಲ. ಬಾರದಿದ್ದರೆ ಕರೆದವರು ಅರ್ಥ ಮಾಡಿಕೊಂಡು ಮತ್ತೆ ಕೇಳುವುದಿಲ್ಲ. ಹೆಡ್‌ಮಾಷ್ಟ್ರೂ ಹಾಗೆಯೇ ಅರ್ಥ ಮಾಡಿಕೊಂಡರು. ಆದರೂ ಮನಸ್ಸು ತಡೆಯದೆ ನಾಲ್ಕು ದಿನ ಬಿಟ್ಟು ನಮ್ಮ ಮನೆಗೆ ಬಂದರು. ಮಾವಯ್ಯ ಅವರನ್ನು ಕೂರಿಸಿದರು, ಅಬ್ಬಿ ಬೆಲ್ಲ ನೀರು, ಹಲಸಿನ ಹಣ್ಣಿನ ಕಡುಬು ಕೊಟ್ಟಳು. ಮಾಷ್ಟ್ರು ಮಳೆಯ ಬಗ್ಗೆ ಮಾತಾಡಿದರು. ಮಾವಯ್ಯ ಬಿತ್ತನೆಯ ಬಗ್ಗೆ ಮಾತಾಡಿದರು. ಯಜಮಾನರೇ ವಿಷಯ ಎತ್ತಲಿ ಎಂದು ಮಾಷ್ಟ್ರು ಕಾದರು. ಮಾಷ್ಟ್ರು ವಿಷಯ ಎತ್ತುತ್ತಿಲ್ಲವೆಂದರೆ ಭಾವ ಅವರಿಗೆ ಮೊದಲೇ ಬೇಡ ಎಂದು ಹೇಳಿರಬೇಕು ಎಂದು ಮಾವಯ್ಯ ಸುಮ್ಮನಾದರು. ಕಡುಬು ಚೆನ್ನಾಗಿದೆ ಎಂದು ಹೊಗಳಿ ಮಾಷ್ಟ್ರು ಕೊಡೆ ಬಿಡಿಸಿಕೊಂಡು ಹೋದರು. ಅಕ್ಕ ಮಾಳಿಗೆಯ ಕಿಟಕಿಯಲ್ಲಿ ನಿಂತು ಆ ಕೊಡೆ ಸಂಕ ದಾಟುವವರೆಗೂ ನೋಡಿದಳು. ಅಲ್ಲಿದ್ದವರಲ್ಲಿ ಯಾರಾದರೊಬ್ಬರು ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು ಎಂದು ನನಗೆ ಎಷ್ಟೋ ಸಲ ಅನಿಸಿದೆ. ಬೈಯುವುದಕ್ಕಾದರೂ ಒಬ್ಬರು ಸಿಗುತ್ತಿದ್ದರು.

ಅಕ್ಕ ಅಳಲಿಲ್ಲ, ಹಟ ಮಾಡಲಿಲ್ಲ. ಆ ವರ್ಷ ಅಗೆ ಕೀಳಲು ಅವಳನ್ನು ಯಾರೂ ಕರೆಯಲಿಲ್ಲ, ಅವಳೇ ಹೋದಳು. ಮಾವಯ್ಯ ಬೇಡವೆನ್ನಲು ಬಾಯಿ ತೆರೆದವರು ಸುಮ್ಮನಾದರು. ಮತ್ತೇನು ಮಾಡು ಎಂದು ಹೇಳುವುದು? ನಾನು ದಿನಾ ಅದೇ ಗದ್ದೆಯ ಅಂಚಿನಲ್ಲಿ ಶಾಲೆಗೆ ಹೋಗುತ್ತಿದ್ದೆ. ಅಕ್ಕ ಕೆಸರಿನಲ್ಲಿ ನಿಂತು ತಲೆ ಎತ್ತದೆಯೇ, ಬುತ್ತಿ ತೆಗೆದುಕೊಂಡೆಯಾ ಎಂದು ಕೇಳುತ್ತಿದ್ದಳು. ಸಂಜೆ ನನ್ನ ಪುಸ್ತಕ ಅವಳ ಕೈಗೆ ಹೋಗುತ್ತಿತ್ತು. ತನ್ನ ಜೊತೆಯ ಹುಡುಗಿಯರು ಏಳನೆಯದನ್ನು ಓದುತ್ತಿರುವಾಗ ಇವಳು ನನ್ನ ಐದನೆಯದನ್ನು ಮತ್ತೆ ಓದಿದಳು, ಮರುವರ್ಷ ಆರನೆಯದನ್ನು ಮತ್ತೆ ಓದಿದಳು. ನನಗೆ ಬಾರದ ಲೆಕ್ಕವನ್ನೆಲ್ಲ ಅವಳೇ ಕಲಿಸಿದಳು. ಚಾವಡಿಯಲ್ಲಿ ದನಿ ತೆಗೆದು ಓದುವುದನ್ನು ಮಾತ್ರ ನಿಲ್ಲಿಸಿದ್ದಳು. ಮಾವಯ್ಯ ಸಂಜೆಯ ಹೊತ್ತು ಹಗ್ಗ ಹೊಸೆಯುತ್ತ ಒಂದೊಂದು ಸಲ ಮಾಳಿಗೆಯ ಮೆಟ್ಟಿಲಿನ ಕಡೆ ನೋಡುತ್ತಿದ್ದರು. ಅಪ್ಪಯ್ಯ ಬರುವುದು ಕಡಿಮೆಯಾಯಿತು. ಬಂದರೂ ಅಕ್ಕ ನೀರು ತಂದಿಟ್ಟಾಗ ಅವಳ ಮುಖ ನೋಡುತ್ತಿರಲಿಲ್ಲ.

ನಾನು ಆರನೆಯದು ಮುಗಿಸಿದಾಗ ಅವರಿಬ್ಬರೂ ತಮ್ಮತಮ್ಮಲ್ಲೇ ಗಟ್ಟಿ ಮನಸ್ಸು ಮಾಡಿಕೊಂಡಿದ್ದರು. ದೊಡ್ಡದಕ್ಕೆ ಆದದ್ದು ಸಣ್ಣದಕ್ಕೆ ಆಗಬಾರದು, ಈ ಸಲ ಎದುರಿನವರಿಗೆ ಬೇಸರವಾದರೂ ಸರಿ, ನಾನೇ ಹೋಗಿ ಹೇಳಿಬಿಡುತ್ತೇನೆ ಎಂದು. ಹಾಗಾಗಿ ಸಭೆಯ ದಿನ ಅಕ್ಕನ ಜೊತೆ ನಾನು ಶಾಲೆಗೆ ಹೋದಾಗ ಒಂದು ದಿಕ್ಕಿನಿಂದ ಮಾವಯ್ಯ ಬಂದರು, ಬಸ್ಸಿಳಿದು ಇನ್ನೊಂದು ದಿಕ್ಕಿನಿಂದ ಅಪ್ಪಯ್ಯ ಬಂದರು. ಒಬ್ಬರನ್ನೊಬ್ಬರು ನೋಡಿ ಇಬ್ಬರೂ ಬೆಚ್ಚಿದರು. ಒಂದೇ ಬೆಂಚಿನ ಎರಡು ತುದಿಗೆ ಕೂತರು. ಹೆಡ್‌ಮಾಷ್ಟ್ರು ನನ್ನ ಹೆಸರು ಕರೆದದ್ದೇ ಇಬ್ಬರೂ ಒಟ್ಟಿಗೆ ಎದ್ದು, ಕಳಿಸುತ್ತೇನೆ ಎಂದರು. ಜಗಲಿಯೆಲ್ಲ ನಗಾಡಿತು. ಒಂದು ಹೆಣ್ಣಿಗೆ ಇಬ್ಬರು ಜಾಮೀನು ಎಂದು ಯಾರೋ ತಮಾಷೆ ಮಾಡಿದರು. ನನಗೆ ಹೆಮ್ಮೆಯಿಂದ ಮುಖವೆಲ್ಲ ಬಿಸಿಯಾಯಿತು. ಆ ನಗುವಿನ ನಡುವೆ ಹೆಡ್‌ಮಾಷ್ಟ್ರ ಕಣ್ಣು ನನ್ನ ಹಿಂದೆ ನಿಂತ ಅಕ್ಕನ ಮೇಲೆ ಹೋಯಿತು.

"ಹ್ವಾಯ್, ಅದ್ ಗಿರಿಜ ಅಲ್ದಾ? ಆರ್ನೇದ್ ಪಾಸಾದ್ ಹೆಣ್ ಅದ್. ಈಗ್ಲೂ ತಡ ಆಯ್ಲಿಲ್ಲೆ. ನೀವ್ ಇಬ್ರೂ ಇವತ್ತ್ ಇಲ್ಲೇ ಇದ್ರಿ. ಹೂಂ ಅಂದ್ರೆ ನಾಳೆಯಿಂದ ತಂಗಿ ಒಟ್ಟಿಗೆ ಕೂಕಣ್ಲಿ. ಎಂತ ಹೇಳ್ತ್ರಿ?"

ಅವರೂ ಆ ಎರಡು ವರ್ಷ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು ಎಂದು ಕಾಣುತ್ತದೆ. ಅಕ್ಕನ ಕೈ ನನ್ನ ಹೆಗಲ ಮೇಲಿತ್ತು, ಅದು ಬಿಗಿಯಾದದ್ದು ನನಗೆ ತಿಳಿಯಿತು. ನನ್ನ ವಿಷಯದಲ್ಲಿ ಏನು ಹೇಳಬೇಕೆಂದು ಇಬ್ಬರೂ ಮನೆಯಿಂದಲೇ ಸಿದ್ಧ ಮಾಡಿಕೊಂಡು ಬಂದಿದ್ದರು. ಇದಕ್ಕೆ ಸಿದ್ಧರಾಗಿರಲಿಲ್ಲ. ಮಾವಯ್ಯ ಅಪ್ಪಯ್ಯನ ಕಡೆ ತಿರುಗಿದರು. ಅಪ್ಪಯ್ಯ ಮಾವಯ್ಯನ ಕಡೆ ತಿರುಗಿದರು. ಇಬ್ಬರೂ ಒಬ್ಬರಿಗೊಬ್ಬರು ದಾರಿ ಬಿಟ್ಟು ನಿಂತರು. ಹೇಳಿ, ಯಾರಾದರೂ ಹೇಳಿ ಎಂದು ನನ್ನೊಳಗೆ ಕೂಗು ಏಳುತ್ತಿತ್ತು. ಎಷ್ಟು ಹೊತ್ತಾಯಿತೋ, ಸುತ್ತಲಿನವರು ಕೆಮ್ಮಲು, ಮುಖ ತಿರುಗಿಸಲು ಶುರುಮಾಡಿದರು. ನಾಲ್ಕು ಜನರೆದುರು ಅವರಿಬ್ಬರೂ ಹಾಗೆ ನಿಂತದ್ದು ಅಕ್ಕನಿಗೆ ಸಹಿಸಲಾಗಲಿಲ್ಲ. ಅವಳೇ ಮಾತಾಡಿದಳು.

"ನಂಗ್ ಬ್ಯಾಡ ಮಾಷ್ಟ್ರೆ. ಮನ್ಯಂಗೆ ಕೆಲ್ಸ ಇತ್ತ್."

ಇಬ್ಬರ ಮುಖವೂ ಸಡಿಲವಾಯಿತು. ಅವರನ್ನು ನಾನು ಕ್ಷಮಿಸದೆ ಇದ್ದಿದ್ದರೆ ಅದು ಆ ಒಂದು ಕ್ಷಣಕ್ಕಾಗಿಯೇ ಇರುತ್ತಿತ್ತು. ಹೆಡ್‌ಮಾಷ್ಟ್ರು ಮುಂದಿನ ಹೆಸರು ಕರೆದರು.

ಆ ಸಂಜೆ ಅಪ್ಪಯ್ಯ ಬಂದರೆಂದು ಅಬ್ಬಿ ಕೋಳಿ ಸಾರು, ಕೊಟ್ಟೆ ಕಡುಬು ಮಾಡಿದ್ದಳು. ಇಬ್ಬರೂ ಮಣೆಯ ಮೇಲೆ ಕೂತರು. ಬಡಿಸುತ್ತಿದ್ದವಳು ಅಕ್ಕ. ನನ್ನ ಏಳನೆಯ ಕ್ಲಾಸಿನ ಮಾತು ಶುರುವಾಯಿತು, ಕುಂದಾಪುರದಲ್ಲಿ ಯಾರ ಮನೆಯಲ್ಲಿ ಉಳಿಯುವುದು ಎಂದು. ಇಬ್ಬರೂ ಒಂದೇ ಉತ್ಸಾಹದಲ್ಲಿ ಇದ್ದುದರಿಂದ ಮಾತು ಎಂದಿಗಿಂತ ಸಲೀಸಾಗಿ ಬಂತು. ಹಾಗೆ ಮಾತಾಡುತ್ತ ಮಾವಯ್ಯ ಎಲೆಯ ಮೇಲಿನ ಕೈ ನಿಲ್ಲಿಸಿ, ದೊಡ್ಡದರ ವಿಷಯದಲ್ಲೂ ನೀವು ಹೂಂ ಎನ್ನುತ್ತೀರಿ ಎಂದು ಇವತ್ತು ಕಾದೆ ಭಾವ ಎಂದರು. ನಾನು ನಿಮ್ಮನ್ನೇ ಕಾದೆ ಎಂದರು ಅಪ್ಪಯ್ಯ. ಮಾವಯ್ಯ ತಲೆ ಎತ್ತಿದರು.

"ಅಂದೂ ನೀವ್ ಹಿಂದಿನ್ ದಿನವೇ ಹ್ವಾದ್ರಿ. ನಿಮ್ಗ್ ಮನ್ಸಿಲ್ಲೆ ಅಂದ್ಕಂಡೆ."

"ಮನ್ಸಿಲ್ದಿದ್ದದ್ ನಿಮ್ಗಲ್ದಾ?"

"ನಂಗಾ?"

ಅಕ್ಕ ಸಾರಿನ ಪಾತ್ರೆ ಹಿಡಿದುಕೊಂಡು ಇಬ್ಬರ ನಡುವೆ ನಿಂತಿದ್ದಳು. ಅವಳು ಅವರನ್ನು ನೋಡಲಿಲ್ಲ. ಅಡುಗೆಮನೆಯ ಬಾಗಿಲಿನಲ್ಲಿದ್ದ ಅಬ್ಬಿಯ ಕಡೆ ತಿರುಗಿದಳು.

"ಅಬ್ಬಿ, ನಿಂಗ್ ಗೊತ್ತಿತ್ತಾ?"

ಅಬ್ಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗೊತ್ತಿತ್ತು ಮಗಾ, ಗಂಡಸರ ಮಾತಿನ ನಡುವೆ ನಾನು ಹೇಗೆ ಬರುವುದು, ಅವರವರ ಬಾಯಿಂದಲೇ ಬರಲಿ ಎಂದು ಇದ್ದೆ ಎಂದಳು. ಮಾವಯ್ಯ ಎಲೆಯ ಮುಂದಿನಿಂದ ಎದ್ದುಬಿಟ್ಟರು. ನಾಳೆ ಬೆಳಿಗ್ಗೆ ನಾನೇ ಮಾಷ್ಟ್ರ ಹತ್ತಿರ ಹೋಗಿ ಹೇಳುತ್ತೇನೆ ಎಂದರು. ನಾನೂ ಬರುತ್ತೇನೆ ಎಂದು ಅಪ್ಪಯ್ಯನೂ ಎದ್ದರು. ಎಂಜಲು ಕೈಯಲ್ಲಿ ನಿಂತ ಆ ಇಬ್ಬರು ದೊಡ್ಡ ಗಂಡಸರ ಕಣ್ಣಲ್ಲೂ ನೀರಿತ್ತು. ನಾನು ಅಕ್ಕನ ಸೀರೆಯಂಚು ಜಗ್ಗಿ, ಬಾ ಅಕ್ಕ, ಒಟ್ಟಿಗೆ ಹೋಗುವ ಎಂದೆ. ಅಕ್ಕ ಪಾತ್ರೆಯನ್ನು ನೆಲಕ್ಕಿಟ್ಟಳು.

"ಬ್ಯಾಡ ಮಾವಯ್ಯ. ಅಷ್ಟ್ ಜನ್ರ್ ಎದ್ರಿಗೆ ನಾನೇ ಬ್ಯಾಡ ಅಂದಿದೆ. ಈ ಮನ್ಯಂಗೆ ಒಂದ್ ಮಾತ್ ಆಡಿರೆ ಆಡಿದ್ದೇ ಅಲ್ದಾ?"

ಅವಳ ದನಿ ಏರಿರಲಿಲ್ಲ. ಆ ಮನೆಯ ಮಾನದ ಮೇಲೆ ಅವಳು ಆಣೆ ಇಟ್ಟ ಹಾಗಿತ್ತು. ಅದನ್ನು ಮೀರಿ ಅವಳ ಕೈ ಹಿಡಿದು ಎಳೆದುಕೊಂಡು ಹೋಗುವ ಒರಟುತನ ಅವರಲ್ಲಿ ಇಬ್ಬರಿಗೂ ಇರಲಿಲ್ಲ. ಇರಬೇಕಿತ್ತು. ನಮ್ಮ ಮನೆಗೆ ಅಂಥ ಒಬ್ಬ ಒರಟ ಬೇಕಿತ್ತು ಎಂದು ನಾನು ಇಂದಿಗೂ ಹಲುಬುತ್ತೇನೆ. ಅಕ್ಕ ಈಗ ಕೋಟೇಶ್ವರದಲ್ಲಿ ಮಕ್ಕಳು ಮೊಮ್ಮಕ್ಕಳೊಂದಿಗೆ ಇದ್ದಾಳೆ. ಪೇಪರಿನ ಒಂದಕ್ಷರ ಬಿಡದೆ ಓದುತ್ತಾಳೆ. ಎಷ್ಟು ಓದಿದ್ದೀರಿ ಎಂದು ಜನಗಣತಿಯವರು ಕೇಳಿದರೆ, ಆರನೇ ಕ್ಲಾಸು, ಮುಂದೆ ನನಗೇ ಬೇಡವಾಯಿತು ಎಂದು ಹೇಳುತ್ತಾಳೆ. ಪಕ್ಕದಲ್ಲಿ ನಾನಿದ್ದರೂ ಹಾಗೆಯೇ ಹೇಳುತ್ತಾಳೆ.

ಮಾರನೆಯ ದಿನ ಬೆಳಿಗ್ಗೆ ಅವಳೇ ನನ್ನ ತಲೆ ಬಾಚಿ, ಬುತ್ತಿ ಕಟ್ಟಿ, ಅಂಗಳದ ತುದಿಯವರೆಗೆ ಬಂದಳು. ಅಲ್ಲಿ ನಿಂತು, ತಿರುಗಿ ನೋಡದೆ ಹೋಗು, ತಡವಾಗುತ್ತದೆ ಎಂದಳು. ನಾನು ನೋಡಲಿಲ್ಲ. ಏಳನೇ ಕ್ಲಾಸಿನಲ್ಲಿ ಹುಡುಗಿಯರ ಬೆಂಚಿನ ಮೇಲೆ ಹೆಡ್‌ಮಾಷ್ಟ್ರು ಇಬ್ಬರಿಗೆ ಜಾಗ ಬಿಡಿಸಿಟ್ಟಿದ್ದರು. ನಾನು ಒಂದರಲ್ಲಿ ಕೂತೆ.